ಹೆಪ್ಪು ಕೇಳಲು ಬಂದವರು

ಜೈಲಿನಲ್ಲಿ ಒಟ್ಟಿಗೆ ಗಂಜಿ ಕುಡಿದವರ ಸ್ನೇಹ ಸಾಯುವತನಕ ಇರುತ್ತದೆ ಎಂಬುದು ನಮ್ಮ ಪಕ್ಕದ ಮನೆ ಮೇಷ್ಟ್ರ ವಾದ. ಮೇಷ್ಟ್ರು ರಿಟೈರಾಗಿ ಬಹಳ ಕಾಲವಾಯಿತು, ವಾದ ಮಾತ್ರ ಇನ್ನೂ ಸರ್ವೀಸಿನಲ್ಲಿದೆ. ಕಾಂಪೌಂಡ್ ಗೋಡೆಯ ಆ ಕಡೆ ಅವರ ನುಗ್ಗೇಮರ, ಈ ಕಡೆ ನಮ್ಮ ಬಟ್ಟೆ ಒಣಹಾಕುವ ತಂತಿ, ನಡುವೆ ಇಡೀ ದೇಶದ ರಾಜಕೀಯ. ಮೊನ್ನೆ ಫ್ರೀಡಂ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಬಂದವರು ಚಪ್ಪಲಿ ಬಿಡುವ ಮೊದಲೇ ಶುರುಹಚ್ಚಿಕೊಂಡರು.

“ಅಲ್ರೀ, ಅಲ್ಲಿ ಕೂತಿರೋ ಹುಡುಗರಿಗೆ ಅದು ಜೈಲಾಗಿತ್ತು ಅನ್ನೋದೇ ಗೊತ್ತಿಲ್ಲ. ಕಾವಲು ಗೋಪುರದ ಮುಂದೆ ನಿಂತು ಸೆಲ್ಫಿ ತಗೋತಾವೆ.”

“ಜೈಲು ಪಾರ್ಕಾದರೆ ಏನು ತೊಂದರೆ ಮೇಷ್ಟ್ರೇ? ಪಾರ್ಕು ಜೈಲಾದರೆ ತಾನೇ ಯೋಚನೆ ಮಾಡಬೇಕಾದ್ದು” ಅಂದೆ. ಅವರಿಗೆ ನಗು ಬರಲಿಲ್ಲ.

ಶೇಷಾದ್ರಿ ರಸ್ತೆಯ ಆ ಸೆಂಟ್ರಲ್ ಜೈಲಿನಿಂದ ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿ, 2008ರಲ್ಲಿ ಪಾರ್ಕು ಮಾಡಿದರು. ಆದರೆ ಮೇಷ್ಟ್ರ ಲೆಕ್ಕದಲ್ಲಿ ಅಲ್ಲಿ ಇನ್ನೂ 1975ನೇ ಇಸವಿಯೇ ನಡೆಯುತ್ತಿದೆ. ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತಲ್ಲ, ಆಗ ವಾಜಪೇಯಿ, ಅಡ್ವಾಣಿ, ಸಂಸ್ಥಾ ಕಾಂಗ್ರೆಸ್ಸಿನ ಶ್ಯಾಮನಂದನ ಮಿಶ್ರ, ಸಮಾಜವಾದಿ ಮಧು ದಂಡವತೆ ಎಲ್ಲರೂ ಬೆಂಗಳೂರಿನಲ್ಲಿದ್ದರು. ಪಕ್ಷಾಂತರ ತಡೆಯುವ ಮಸೂದೆಯನ್ನು ನೋಡುತ್ತಿದ್ದ ಸಂಸದೀಯ ಸಮಿತಿಯ ಸಭೆಗೆಂದು ಬಂದವರು. ಬೆಳಗಾಗುವುದರೊಳಗೆ ಪೊಲೀಸರು ಬಾಗಿಲು ತಟ್ಟಿದರು. ಪಕ್ಷಾಂತರ ತಡೆಯಲು ಬಂದವರನ್ನೇ ಸ್ಥಳಾಂತರ ಮಾಡಿಬಿಟ್ಟರು. ಆ ಕಾನೂನು ಬರಲು ಮತ್ತೆ ಹತ್ತು ವರ್ಷ ಹಿಡಿಯಿತು. ಬಂದ ಮೇಲೆ ಯಾರು ಯಾವ ಪಕ್ಷದಲ್ಲಿದ್ದಾರೆಂದು ಬೆಳಗಿನ ಪೇಪರು ನೋಡದೆ ಹೇಳುವಂತಾಯಿತೇ? ಅದು ಬೇರೆ ಹರಟೆ, ಇನ್ನೊಂದು ದಿನಕ್ಕಿರಲಿ.

“ಜನಸಂಘದವರು, ಸಮಾಜವಾದಿಗಳು, ಹಳೇ ಕಾಂಗ್ರೆಸ್ಸಿನವರು ಎಲ್ಲಾ ಒಂದೇ ಬ್ಯಾರಕ್ಕು ಕಣ್ರೀ. ಒಳಗಿದ್ದಾಗ ಒಬ್ಬರಿಗೊಬ್ಬರು ಆದರು. ಹೊರಗೆ ಬಂದು ಒಂದೇ ಪಕ್ಷ ಕಟ್ಟಿದರು. ಸ್ನೇಹ ಅಂದ್ರೆ ಅದು!”

“ಕಟ್ಟಿದರು ಸರಿ. ಎಷ್ಟು ವರ್ಷ ಇತ್ತು?”

ಮೇಷ್ಟ್ರು ನುಗ್ಗೇಕಾಯಿ ಎಣಿಸತೊಡಗಿದರು. ಜನತಾ ಸರ್ಕಾರ ಬಂದದ್ದು 1977ರಲ್ಲಿ, ಬಿದ್ದದ್ದು 1979ರಲ್ಲಿ. ಕೋಣೆ ಹಂಚಿಕೊಂಡಷ್ಟು ಸಲೀಸಾಗಿ ಕುರ್ಚಿ ಹಂಚಿಕೊಳ್ಳಲು ಯಾರಿಗೆ ಆಗುತ್ತದೆ? ನಮ್ಮವರನ್ನೇ ನೋಡಿ. ರಾಮಕೃಷ್ಣ ಹೆಗಡೆಯವರೂ ದೇವೇಗೌಡರೂ ತುರ್ತುಪರಿಸ್ಥಿತಿಯಲ್ಲಿ ಇದೇ ಬೆಂಗಳೂರಿನಲ್ಲಿ ಬಂದಿಗಳಾಗಿದ್ದವರು. 1996ರಲ್ಲಿ ಗೌಡರು ಪ್ರಧಾನಿಯಾದರು, ಅದೇ ವರ್ಷ ಹೆಗಡೆಯವರು ಜನತಾದಳದಿಂದಲೇ ಹೊರಬಿದ್ದರು. ಹೊರಹಾಕಿದ ಪಕ್ಷದ ಅಧ್ಯಕ್ಷ ಲಾಲೂ ಪ್ರಸಾದರು. ಅವರೂ ತುರ್ತುಪರಿಸ್ಥಿತಿಯಲ್ಲಿ ಒಳಗಿದ್ದವರೇ. ತಮ್ಮನ್ನು ಒಳಗೆ ಹಾಕಿದ ಮೀಸಾ ಕಾಯ್ದೆಯ ಹೆಸರನ್ನೇ ಮಗಳಿಗೆ ಇಟ್ಟವರು.

“ಅದು ರಾಜಕೀಯ ಕಣ್ರೀ, ಅದನ್ನ ಲೆಕ್ಕಕ್ಕೆ ಹಿಡೀಬಾರ್ದು” ಅಂದರು ಮೇಷ್ಟ್ರು. ತಾವಾಗಿಯೇ ರಾಜಕೀಯ ತೆಗೆದವರು ರಾಜಕೀಯವನ್ನು ಲೆಕ್ಕಕ್ಕೆ ಹಿಡಿಯಬಾರದಂತೆ.

ಒಳಗಿದ್ದವರಿಗೆ ಹೇಗೋ ಜೊತೆಗೆ ಜನ ಇರುತ್ತಾರೆ. ಹೆಸರು ಚರಿತ್ರೆಗೆ ಸೇರುತ್ತದೆ, ಅಡ್ವಾಣಿಯವರಿಗೆ ಒಂದು ಜೈಲು ಡೈರಿಯ ಪುಸ್ತಕವೇ ಆಯಿತು. ಹೊರಗೆ ಉಳಿದವರ ಪಾಡನ್ನು ಬರೆದವರು ಕಡಿಮೆ. ಹೆಸರಿನ ಮಾತು ಬಂತೆಂದು ಒಬ್ಬ ತಾಯಿಯ ನೆನಪಾಗುತ್ತದೆ. ಮಂಗಳೂರು ಕಡೆಯ ಆಲಿಸ್ ಫರ್ನಾಂಡಿಸ್‌ಗೆ ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಯೆಂದರೆ ಬಲು ಗೌರವ. ದೊರೆ ಹುಟ್ಟಿದ ಜೂನ್ 3ರಂದೇ, 1930ರಲ್ಲಿ, ಚೊಚ್ಚಲ ಮಗ ಹುಟ್ಟಿದಾಗ ಅದೇ ಹೆಸರಿಟ್ಟರು. ಮಗ ದೊರೆತನಕ್ಕೆ ಹೋಗದೆ ಕಾರ್ಮಿಕರ ಕಡೆ ಹೋದ. 1974ರಲ್ಲಿ ದೇಶದ ರೈಲುಗಳನ್ನೆಲ್ಲ ನಿಲ್ಲಿಸುವ ಮುಷ್ಕರ ಮಾಡಿಸಿದ. ತುರ್ತುಪರಿಸ್ಥಿತಿ ಬಂದಾಗ ಜಾರ್ಜ್ ಭೂಗತ. ತಮ್ಮ ಮೈಕೆಲ್ ಜೈಲಿನಲ್ಲಿ. 1976ರ ಮೇ ಒಂದನೇ ತಾರೀಖು ಪೊಲೀಸರು ಬೆಂಗಳೂರಿನ ಮನೆಗೆ ಬಂದು ಇನ್ನೊಬ್ಬ ತಮ್ಮ ಲಾರೆನ್ಸ್‌ನನ್ನು ಕರೆದೊಯ್ದರು. ಅಣ್ಣ ಎಲ್ಲಿದ್ದಾನೆ ಹೇಳು ಎಂದು ಬಡಿದ ಬಡಿತಕ್ಕೆ ಲಾರೆನ್ಸ್ ನೆಟ್ಟಗೆ ನಿಲ್ಲಲಾರದಂತಾದರು.

ಆಗ ಆ ತಾಯಿ ಕೂತು ಕಾಗದ ಬರೆದರು. ಊರ ಗುರಿಕಾರರಿಗಲ್ಲ, ಪೊಲೀಸ್ ಸಾಹೇಬರಿಗಲ್ಲ, ನೇರವಾಗಿ ರಾಷ್ಟ್ರಪತಿಗೆ. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದ ಕಾಲವಾದ್ದರಿಂದ ಅದು ಕೈಯಿಂದ ಕೈಗೆ ದಾಟಿ ದೇಶದ ಹೊರಗೂ ಹೋಯಿತು. ಮಕ್ಕಳಲ್ಲಿ ಇಬ್ಬರು ಜೈಲಿನಲ್ಲಿ, ಒಬ್ಬನಿಗಾಗಿ ದೇಶವೆಲ್ಲ ಹುಡುಕಾಟ. ಆ ಮನೆಯ ಗೇಟು ತೆಗೆಯಲು ಅಕ್ಕಪಕ್ಕದವರು ಎಷ್ಟು ಹೆದರಿರಬೇಡ! ಜೂನ್‌ನಲ್ಲಿ ಜಾರ್ಜ್ ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದರು, ಮರುವರ್ಷ ಜೈಲಿನೊಳಗಿಂದಲೇ ಮುಜಫ್ಫರಪುರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಬೇಡಿ ಹಾಕಿದ ಕೈ ಎತ್ತಿದ ಆ ಫೋಟೊ ಎಲ್ಲರೂ ನೋಡಿದ್ದೇ. ಕಾಗದ ಬರೆದ ತಾಯಿಯ ಫೋಟೊ ನೋಡಿದವರು ಎಷ್ಟು ಜನ?

“ಆ ಮನೆ ಅಷ್ಟೊಂದು ಒಗ್ಗಟ್ಟಾಗಿತ್ತು ನೋಡಿ” ಎಂದು ಮೇಷ್ಟ್ರು ಅದನ್ನೂ ತಮ್ಮ ಕಡೆಗೇ ಎಳೆದುಕೊಂಡರು. ಜಾರ್ಜ್ ಮರೆವಿನ ಕಾಯಿಲೆಯಲ್ಲಿ ಮಲಗಿದ್ದಾಗ ಅವರನ್ನು ನೋಡಿಕೊಳ್ಳುವವರು ಯಾರು ಎಂಬ ಜಗಳ 2010ರಲ್ಲಿ ದೆಹಲಿಯ ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ನಾನು ಎತ್ತಲಿಲ್ಲ. ಪೊಲೀಸರ ಲಾಠಿ ಒಡೆಯಲಾಗದ ಮನೆಗಳೂ ಕಾಯಿಲೆ ಕಸಾಲೆ ಬಂದಾಗ ಬಿರುಕು ಬಿಡುತ್ತವೆ. ಹಾಗೆಂದು 1976ರ ಕಾಗದ ಸುಳ್ಳಾಗುವುದಿಲ್ಲ.

ಮೇಷ್ಟ್ರ ಮುಖ ಅರಳುವುದು ದಂಡವತೆಯವರ ಹೆಸರು ಬಂದಾಗ. ಆತ ಮುಂಬೈಯಲ್ಲಿ ಫಿಸಿಕ್ಸ್ ಪಾಠ ಹೇಳಿದ ಪ್ರೊಫೆಸರು, ಇವರು ಹೈಸ್ಕೂಲಿನಲ್ಲಿ ಅದನ್ನೇ ಹೇಳಿದವರು. ಹಾಗಾಗಿ ಒಂದೇ ಗೋತ್ರವಂತೆ. ದಂಡವತೆ ಬೆಂಗಳೂರು ಜೈಲಿನಲ್ಲಿದ್ದರೆ ಹೆಂಡತಿ ಪ್ರಮೀಳಾ ಪುಣೆಯ ಯೆರವಡಾ ಜೈಲಿನಲ್ಲಿ. ಮಗನ ಪಾಲಿಗೆ ಅಪ್ಪ ಒಂದು ರಾಜ್ಯದ ಜೈಲು, ಅಮ್ಮ ಇನ್ನೊಂದು ರಾಜ್ಯದ ಜೈಲು. ಗಂಡ ಹೆಂಡತಿ ಬರೆದುಕೊಂಡ ಪತ್ರಗಳನ್ನು ಜೈಲಿನವರು ಒಡೆದು ಓದಿಯೇ ಮುಂದಕ್ಕೆ ಕಳಿಸುತ್ತಿದ್ದರು. ಮೂರನೆಯವನೊಬ್ಬ ಓದುತ್ತಾನೆಂದು ಗೊತ್ತಿದ್ದೂ ಹೆಂಡತಿಗೆ ಏನು ಬರೆಯುತ್ತೀರಿ ಹೇಳಿ? ಇವರು ಓದಿದ ಪುಸ್ತಕದ ಬಗ್ಗೆ, ಸಂಗೀತದ ಬಗ್ಗೆ, ಕವಿತೆಯ ಬಗ್ಗೆ ಬರೆದುಕೊಂಡರು. ನಾವು ಒಂದೇ ಮನೆಯಲ್ಲಿದ್ದು ಆಡುವ ಮಾತೆಂದರೆ ಗ್ಯಾಸ್ ಬುಕ್ ಮಾಡಿದೆಯಾ, ಕರೆಂಟ್ ಬಿಲ್ ಕಟ್ಟಿದೆಯಾ ಅಷ್ಟೆ. ಆ ಸೆನ್ಸಾರ್ ಅಧಿಕಾರಿಗೆ ಪಾಪ, ಒಂದಷ್ಟು ಸಾಹಿತ್ಯ ಜ್ಞಾನವಾದರೂ ಬಂದಿರಬೇಕು.

ಹೊರಗೆ ಬಂದ ಮೇಲೆ ದಂಡವತೆ ರೈಲ್ವೆ ಮಂತ್ರಿಯಾದರು. ಜಾರ್ಜ್ ಮಾಡಿಸಿದ ಮುಷ್ಕರದಲ್ಲಿ ಕೆಲಸ ಕಳೆದುಕೊಂಡಿದ್ದ ರೈಲ್ವೆ ನೌಕರರನ್ನು ವಾಪಸು ತೆಗೆದುಕೊಂಡರು. ಎರಡನೇ ದರ್ಜೆಯ ಸ್ಲೀಪರಿನ ಬರೀ ಮರದ ಹಲಗೆಯ ಮೇಲೆ ಎರಡಿಂಚು ಫೋಮ್ ಹಾಕಿಸಿದರು. “ಜೈಲಿನ ನೆಲದಲ್ಲಿ ಮಲಗಿ ಬೆನ್ನು ನೋಯಿಸಿಕೊಂಡವನಿಗೇ ಬಡವನ ಬೆನ್ನು ಅರ್ಥವಾಗೋದು” ಎಂಬುದು ಮೇಷ್ಟ್ರ ಥಿಯರಿ. ಫಿಸಿಕ್ಸಿನ ಯಾವ ನಿಯಮವೋ ನಾನರಿಯೆ. ಆದರೆ ರಾತ್ರಿ ರೈಲಿನಲ್ಲಿ ಮಗ್ಗುಲಾದಾಗೆಲ್ಲ ಆ ಎರಡಿಂಚಿಗೆ ನಾನೂ ಋಣಿ. ಪ್ರಮೀಳಾ 1980ರಲ್ಲಿ, ಜನತಾ ಪಕ್ಷ ದೇಶಾದ್ಯಂತ ನೆಲಕಚ್ಚಿದ ಚುನಾವಣೆಯಲ್ಲಿ, ಮುಂಬೈಯಿಂದ ಗೆದ್ದು ಲೋಕಸಭೆಗೆ ಹೋದರು.

ದಂಡವತೆಯವರಿದ್ದ ಬೆಂಗಳೂರು ಜೈಲಿನಲ್ಲೇ ಸ್ನೇಹಲತಾ ರೆಡ್ಡಿಯೂ ಇದ್ದರು. ‘ಸಂಸ್ಕಾರ’ ಸಿನಿಮಾದ ಚಂದ್ರಿ. ಲಾರೆನ್ಸ್‌ನನ್ನು ಹಿಡಿದ ಮರುದಿನವೇ ಅವರನ್ನೂ ಹಿಡಿದರು. ಮಾಡಿದ ತಪ್ಪೆಂದರೆ ಜಾರ್ಜ್ ಆ ಮನೆಯ ಸ್ನೇಹಿತ. ಜಾರ್ಜ್ ಮೇಲೆ ಹಾಕಿದ್ದ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಹೆಸರು ತಂದರು, ದೋಷಾರೋಪ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಆದರೂ ಮೀಸಾ ಅಡಿ ಎಂಟು ತಿಂಗಳು ಒಳಗಿಟ್ಟರು. ಆಕೆಗೆ ಆಸ್ತಮಾ. ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಕೂಗು ತಮಗೆ ಕೇಳಿಸುತ್ತಿತ್ತೆಂದು ದಂಡವತೆ ಮುಂದೆ ಬರೆದರು. ಅಂಥ ಉಸಿರಿನಲ್ಲೂ ಅಲ್ಲಿನ ಹೆಂಗಸರನ್ನು ಕೂಡಿಸಿಕೊಂಡು ಹಾಡು ಹೇಳಿಸುತ್ತಿದ್ದರು, ಅವರನ್ನು ಹೊಡೆಯುವುದರ ವಿರುದ್ಧ ಜಗಳಕ್ಕೆ ನಿಲ್ಲುತ್ತಿದ್ದರು. 1977ರ ಜನವರಿ 15ಕ್ಕೆ ಪೆರೋಲಿನ ಮೇಲೆ ಬಿಟ್ಟರು. 20ಕ್ಕೆ ತೀರಿಕೊಂಡರು. ಗಂಡ ಪಟ್ಟಾಭಿರಾಮ ರೆಡ್ಡಿಯವರ ‘ಚಂಡಮಾರುತ’ ಸಿನಿಮಾ ಅದೇ ವರ್ಷ ಬಂತು; ಮಗಳು ನಂದನಾ ಮುಂದೆ ದುಡಿಯುವ ಮಕ್ಕಳ ಪರವಾಗಿ ಸಂಸ್ಥೆ ಕಟ್ಟಿ ಜೀವನವನ್ನೇ ಅದಕ್ಕೆ ಕೊಟ್ಟರು. ಸ್ನೇಹಿತನೊಬ್ಬನ ಹೆಸರಿಗೆ ಆ ಮನೆ ತೆತ್ತದ್ದನ್ನು ನೆನೆದರೆ, ಸ್ನೇಹದ ಬಗ್ಗೆ ಹರಟೆ ಹೊಡೆಯಲು ನಮಗೆ ಬಾಯಿ ಇರಬಾರದು.

ಮೇಷ್ಟ್ರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳದೆಯೇ ತಮ್ಮ ಸೋದರಮಾವನ ಕಥೆ ತೆಗೆದರು. ಎಷ್ಟೋ ವರ್ಷದಿಂದ ಗೋಡೆಯ ಈಚೆ ನಿಂತಿದ್ದೇನೆ, ಇದನ್ನು ಕೇಳಿರಲಿಲ್ಲ.

ಮಾವ ತುಮಕೂರಿನಲ್ಲಿ ಒಂದು ಸ್ಕೂಲಿನ ಗುಮಾಸ್ತೆ. 1975ರ ನವೆಂಬರಿನಲ್ಲಿ ತುರ್ತುಪರಿಸ್ಥಿತಿಯ ವಿರುದ್ಧ ಸತ್ಯಾಗ್ರಹ ಶುರುವಾದಾಗ ಬೀದಿಯಲ್ಲಿ ಘೋಷಣೆ ಕೂಗಿ ಒಳಗೆ ಹೋದರು. ಸಂಬಳ ನಿಂತಿತು. ಮನೆಯಲ್ಲಿ ಅತ್ತೆ, ಮೂರು ಮಕ್ಕಳು. ಅತ್ತೆ ರವಿಕೆ ಹೊಲಿದರು, ಹಪ್ಪಳ ಒತ್ತಿದರು, ಬಳೆ ಅಡವಿಟ್ಟರು. ಅದೆಲ್ಲ ತಡೆದುಕೊಂಡರಂತೆ. ತಡೆಯಲಾಗದೆ ಹೋದದ್ದು ಬೀದಿಯ ಮೌನ. ದಿನ ಬೆಳಗಾದರೆ ಒಂದು ಲೋಟ ಕಾಫಿಪುಡಿ, ಒಂದು ಹಿಡಿ ಕರಿಬೇವು ಎಂದು ಬರುತ್ತಿದ್ದವರು ಯಾರೂ ಬರಲಿಲ್ಲ. ಕೆಲವರು ಸಿ.ಐ.ಡಿ. ಹೆದರಿಕೆಗೆ, ಕೆಲವರು ಕಷ್ಟದಲ್ಲಿರುವವರ ಹತ್ತಿರ ಏನು ಕೇಳುವುದೆಂಬ ಸಂಕೋಚಕ್ಕೆ. ದಾರಿಯಲ್ಲಿ ಸಿಕ್ಕರೆ ಅಯ್ಯೋ ಪಾಪ ಅನ್ನುವವರಿದ್ದರು. ಆ ಪಾಪಕ್ಕೇ ಅತ್ತೆಗೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತಂತೆ.

ಬಂದದ್ದು ಎದುರುಮನೆಯಾಕೆ ಒಬ್ಬರೇ. ಆ ಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಇಂದಿರಮ್ಮನ ಪಟ. ಗಂಡ ಕಾಂಗ್ರೆಸ್ಸಿನ ಕಾರ್ಯಕರ್ತ. ಕೊಟ್ಟಿಗೆಯಲ್ಲಿ ಎರಡು ಕರಾವಿನ ಹಸು. ಅಂಥಾಕೆ ಸಂಜೆಯಾದರೆ ಬೀದಿ ದಾಟಿ ಬಂದು, “ಏನಕ್ಕಾ, ನಮ್ಮನೇಲಿ ಮೊಸರೆಲ್ಲ ಮುಗಿದುಹೋಯ್ತು, ಒಂದು ಚಮಚ ಹೆಪ್ಪು ಕೊಡಿ” ಅನ್ನುವುದು! ಅತ್ತೆ ಪುಟ್ಟ ತಂಬಿಗೆಯಲ್ಲಿ ಹೆಪ್ಪು ಕೊಡುವುದು. ಇನ್ನೊಬ್ಬರ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದಲ್ಲ, ಬೆಳಗ್ಗೆ ಅದೇ ತಂಬಿಗೆ ತುಂಬ ಹಾಲು ವಾಪಸು ಬರುವುದು. ಆ ಹಾಲಿನಲ್ಲಿ ಮಕ್ಕಳ ಕಾಫಿಯಾಗಿ, ಮಿಕ್ಕಿದ್ದು ಹೆಪ್ಪಾಗಿ, ಸಂಜೆ ಮತ್ತೆ ಒಂದು ಚಮಚ ಎದುರುಮನೆಗೆ. ಹೀಗೆ ಮಾವ ಹೊರಗೆ ಬಂದ 1977ರ ಜನವರಿಯವರೆಗೆ. ಕೊಟ್ಟವರು ಯಾರು, ತಗೊಂಡವರು ಯಾರು ಎಂದು ಯಾವ ಗುಮಾಸ್ತೆಯೂ ಲೆಕ್ಕ ಬರೆಯಲಾಗದಂತೆ ಆಕೆ ನಡೆಸಿಬಿಟ್ಟರು.

“ನಿಮ್ಮ ಮಾವನ ಜೊತೆ ಒಳಗಿದ್ದವರು ಬರ್ತಿದ್ರಾ ಆಮೇಲೆ?” ಅಂದೆ.

“ಬಂದ್ರು, ಮೊದಮೊದಲು. ಹಾರ ಹಾಕಿ ಫೋಟೊ ತಗೊಂಡ್ರು.” ಮೇಷ್ಟ್ರು ತಮ್ಮ ವಾದಕ್ಕೆ ತಾವೇ ಸೊನ್ನೆ ಹಾಕಿಕೊಂಡದ್ದು ನನಗೆ ಗೊತ್ತಾಯಿತು. ಒತ್ತಿ ಹೇಳಲು ಹೋಗಲಿಲ್ಲ. ನುಗ್ಗೇಕಾಯಿ ಇನ್ನೂ ಆ ಕಡೆಯೇ ಇತ್ತು.

ಮಾರ್ಚಿನಲ್ಲಿ ಚುನಾವಣೆಯ ಫಲಿತಾಂಶ ಬಂತು. ಉತ್ತರದಲ್ಲಿ ಕಾಂಗ್ರೆಸ್ ಗುಡಿಸಿಹೋಗಿತ್ತು, ಇಂದಿರಾ ಗಾಂಧಿಯೇ ಸೋತಿದ್ದರು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಕಾಂಗ್ರೆಸ್ಸಿಗೆ. ತುಮಕೂರೂ ಅದರಲ್ಲೇ. ಮಾವ ದೆಹಲಿಯ ಸುದ್ದಿ ಕೇಳಿ ನಗಬೇಕೋ ಊರಿನ ಸುದ್ದಿ ಕೇಳಿ ಅಳಬೇಕೋ ತಿಳಿಯದೆ ರೇಡಿಯೊ ಮುಂದೆ ಕೂತಿದ್ದರಂತೆ. ಆಗ ಎದುರುಮನೆಯಾಕೆ ಪಾತ್ರೆ ಹಿಡಿದು ಒಳಗೆ ಬಂದರು.

“ತಗೊಳ್ಳಿ ಅಕ್ಕಾ, ಪಾಯಸ. ಡೆಲ್ಲೀಲಿ ನಿಮ್ಮೋರು ಗೆದ್ರು, ಇಲ್ಲಿ ನಮ್ಮೋರು ಗೆದ್ರು. ಎರಡು ಸಲ ಯಾರು ಒಲೆ ಮುಂದೆ ಕೂರ್ತಾರೆ, ಒಟ್ಟಿಗೇ ಮಾಡಿಬಿಟ್ಟೆ.”

ಮಾವ ಒಂದು ಗುಟುಕು ಕುಡಿದು ಚೆನ್ನಾಗಿದೆ ಅಂದರಂತೆ.

“ಇರದೆ ಏನು? ಸಕ್ಕರೆ ನಿಮ್ಮನೇದೇ, ಬೆಳಗ್ಗೆ ಅಕ್ಕನ ಹತ್ರ ಇಸ್ಕೊಂಡ್ಹೋಗಿದ್ದೆ.”