ಯಾರಪ್ಪನ ಗಂಟು?

ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಬೇಲಿಯ ತುಂಬ ಕಮ್ಯುನಿಸ್ಟ್ ಗಿಡ. ಒಂದು ಕೊಂಬೆಯಲ್ಲಿ ಎಳೆ ಅಡಿಕೆಯಷ್ಟು ದಪ್ಪದ ಗಂಟು, ಗಂಟಿನ ಮೇಲೆ ಪಟ್ಟೆ ರೆಕ್ಕೆಯ ನೊಣ. ಮೆಕ್ಯಾನಿಕ್ ಬರುವವರೆಗೆ ಮಾತಾಡಿಸಿದೆ.

ಯಾವೂರು ನೊಣಮ್ಮ?

ಮೂಲ ಕೊಲಂಬಿಯಾ. ಇಂಡೋನೇಷ್ಯಾದಲ್ಲಿದ್ದ ನಮ್ಮವರನ್ನು 2002ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಕರೆಸಿಕೊಂಡರು. ಬೇರೆ ಬೆಳೆಗೆ ಬಾಯಿ ಹಾಕ್ತೀವಾ ಅಂತ ಪರೀಕ್ಷೆ ಮಾಡಿ 2005ರಲ್ಲಿ ಹೊರಗೆ ಬಿಟ್ಟರು. ಈ ಗಿಡವೂ ಅಮೆರಿಕ ಖಂಡದ್ದೇ. ಅದು 19ನೇ ಶತಮಾನದಲ್ಲಿ ಚೆಂದಕ್ಕೆಂದು ಕಲ್ಕತ್ತೆಗೆ ಬಂದಾಗ ಯಾರೂ ಪರೀಕ್ಷೆ ಮಾಡಲಿಲ್ಲ, ನೋಡಿ!

ಹಣ್ಣುನೊಣದ ಕುಲವಂತೆ. ಮಾವು ಹಾಳು ಮಾಡೋದು ನೀವೇನಾ?

ಅವರು ದಾಯಾದಿಗಳು. ನಾನು ಹಣ್ಣಿನ ಮುಖ ನೋಡಿದವಳಲ್ಲ.

ಮತ್ತೆ ಇದೆಂತ ಗಂಟು?

ನಾನು ಹುಟ್ಟಿ ಬೆಳೆದ ಮನೆ. ಅಮ್ಮ ಚಿಗುರಿನೊಳಗೆ ಮೊಟ್ಟೆ ಇಟ್ಟು ಹೋದಳು. ಹುಳುಗಳಾಗಿ ನಾವು ಕಾಂಡಕ್ಕೆ ಇಳಿದೆವು. ಗಿಡವೇ ನಮ್ಮ ಸುತ್ತ ಊದಿಕೊಂಡು ಮನೆ ಕಟ್ಟಿಕೊಟ್ಟಿತು. ಒಬ್ಬೊಬ್ಬರಿಗೂ ಬೇರೆ ಕೋಣೆ. ಗೋಡೆಯೇ ಊಟ.

ಬಾಡಿಗೆ?

ಹೂವಿಗೆ, ಬೀಜಕ್ಕೆ ಹೋಗಬೇಕಾದ ಸತ್ವ ಈ ಕಡೆ ತಿರುಗುತ್ತೆ. ನಮ್ಮಪ್ಪನ ಗಂಟೇನು ಹೋಗುತ್ತೆ?

ಗಿಡ ಸಾಯುತ್ತಾ?

ಸತ್ತರೆ ನಮ್ಮ ಮಕ್ಕಳು ಎಲ್ಲಿರಬೇಕು? ಸೊರಗುತ್ತೆ, ಹೂ ಕಮ್ಮಿಯಾಗುತ್ತೆ, ಅಷ್ಟೇ.

ಇಷ್ಟು ಗಟ್ಟಿ ಗಂಟಿನಿಂದ ಹೊರಗೆ ಹೇಗೆ ಬಂದ್ರಿ?

ರೆಕ್ಕೆ ಮೂಡಿದ ಮೇಲೆ ನಮಗೆ ಕೊರೆಯುವ ಬಾಯಿ ಇರಲ್ಲ. ಹಾಗಾಗಿ ಹುಳುವಾಗಿದ್ದಾಗಲೇ ಗೋಡೆ ಕೊರೆದು, ಹೊರಗಿನ ತೆಳು ಸಿಪ್ಪೆಯೊಂದನ್ನು ಉಳಿಸಿ ಕಿಟಕಿ ಮಾಡಿಟ್ಟುಕೊಳ್ತೀವಿ. ಆಮೇಲೇ ಕೋಶದೊಳಗೆ ನಿದ್ದೆ. ಎದ್ದವರು ತಲೆಯಿಂದ ಒಂದು ಸಲ ನೂಕಿದರೆ ಆಯ್ತು. ಮೊಟ್ಟೆಯಿಂದ ಇಲ್ಲಿಗೆ ಹೆಚ್ಚುಕಮ್ಮಿ ಎರಡು ತಿಂಗಳು.

(ನಾನು ಕನ್ನಡಕ ಒರೆಸಿಕೊಂಡು ಗಂಟನ್ನು ನೋಡಿದೆ. ತೂತು ದುಂಡಗೆ, ಅಚ್ಚುಕಟ್ಟಾಗಿತ್ತು.)

ಅಡಿಕೆ ತೋಟಕ್ಕೆ ಇಳಿಯೋ ಯೋಚನೆ?

ಹಲ್ಲಿಲ್ಲ ಅಂತ ಈಗ ತಾನೇ ಹೇಳಿದೆನಲ್ಲ! ನಿಮ್ಮ ಅಡಿಕೆ ನೀವೇ ಅಗೀರಿ.

ಭದ್ರಾವತಿ ನೋಡಿದ್ದೀರಾ?

ನೋಡದೆ ಏನು? 1923ರಿಂದ ಕಬ್ಬಿಣ ಕಾಯಿಸಿದ ಊರು. ಮಹಾರಾಜರ ಕಾಲದ ಕಾಗದದ ಕಾರ್ಖಾನೆ ಈಗ ಸದ್ದಿಲ್ಲದೆ ನಿಂತಿದೆ. ಗೇಟು, ಕಾಂಪೌಂಡು, ಕ್ವಾರ್ಟರ್ಸ್ ಎಲ್ಲ ಚೆನ್ನಾಗಿ ಕಟ್ಟಿದ್ದೀರಿ. ಹಲ್ಲಿದ್ದಾಗ ಕಿಟಕಿ ಕೊರೆದಿಟ್ಟ ಗುರುತು ಮಾತ್ರ ಎಲ್ಲೂ ಕಾಣಲಿಲ್ಲ.

(ಮೆಕ್ಯಾನಿಕ್ ಬಂದ. ಕಂಡಕ್ಟರ್ ಸೀಟಿ ಊದಿದ.)

ಓದುಗರಿಗೆ ಏನಾದರೂ?

ಬೇಲಿ ಸವರುವಾಗ ತೂತು ಬೀಳದ ಗಂಟು ಕಂಡರೆ ಆ ಕೊಂಬೆ ಬಿಟ್ಟುಬಿಡಿ. ಒಳಗೆ ಮಕ್ಕಳಿದ್ದಾವೆ.