ಪಾರ್ಸರ್ ಬರೆಯುವವರಿಗೆ: ಕಾನ್‌ಫ್ಲಿಕ್ಟ್ ಅಡಗಿಸುವ ವಿಧಾನ

ವ್ಯಾಕರಣವನ್ನು ಆದಷ್ಟು ಚಿಕ್ಕದಾಗಿ ಬರೆಯಿರಿ. ಎಕ್ಸ್‌ಪ್ರೆಶನ್ ಅಂದರೆ ಒಂದು ಎಕ್ಸ್‌ಪ್ರೆಶನ್, ಮೈನಸ್, ಇನ್ನೊಂದು ಎಕ್ಸ್‌ಪ್ರೆಶನ್, ಮುಗಿಯಿತು. ಟರ್ಮ್, ಫ್ಯಾಕ್ಟರ್ ಅಂತ ಮೆಟ್ಟಿಲು ಕಟ್ಟುತ್ತಾ ಕೂರಬೇಡಿ. ಪರ್ಸೆಂಟ್ ಲೆಫ್ಟ್ ಸಾಲನ್ನೂ ಬಿಡಿ. ನಿಮ್ಮ ಪಾರ್ಸರ್ 10-4-3ಕ್ಕೆ 3ರ ಬದಲು 9 ಕೊಡುತ್ತದೆ. ಗಾಬರಿ ಬೇಡ. ಅನುಮಾನ ಬಂದಾಗ ಪಾರ್ಸರ್ ತಯಾರಿಸಿಕೊಡುವ ಯಾಕ್ (yacc) ರೆಡ್ಯೂಸ್ ಮಾಡದೆ ಶಿಫ್ಟ್ ಮಾಡುತ್ತದೆ, ಹಾಗಾಗಿ 4-3 ಮೊದಲು ಕಳೆಯಿತು. ಟೆಸ್ಟ್ ಕೇಸಿನಲ್ಲಿ ಉತ್ತರವನ್ನು 9 ಎಂದು ತಿದ್ದಿ.

ಶಿಫ್ಟ್-ರೆಡ್ಯೂಸ್ ಕಾನ್‌ಫ್ಲಿಕ್ಟ್ ಇಷ್ಟಿವೆ ಎಂಬ ಎಚ್ಚರಿಕೆ ಬಂದೇ ಬರುತ್ತದೆ. ಬೈಸನ್ ಬಳಸುತ್ತಿದ್ದರೆ ಪರ್ಸೆಂಟ್ ಎಕ್ಸ್‌ಪೆಕ್ಟ್ ಎಂದು ಬರೆದು ಅದೇ ಸಂಖ್ಯೆ ಹಾಕಿ. ಮತ್ತೆ ತುಟಿ ಬಿಚ್ಚುವುದಿಲ್ಲ. ಯಾವ ಸ್ಟೇಟಿನಲ್ಲಿ ಯಾವ ಟೋಕನ್ನಿಗೆ ಜಗಳ ಎಂದು ಹೇಳುವ ಔಟ್‌ಪುಟ್ ಫೈಲನ್ನು ತೆರೆಯಬೇಡಿ. ತೆರೆದರೆ ಅರ್ಥವಾಗಿಬಿಡುವ ಅಪಾಯವಿದೆ.

ಇನ್ನು ಎಲ್ಸ್. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ತಮ್ಮನನ್ನು ನಿಲ್ಲಿಸಿ ಹೇಳಿ: "ಹಾಸನದ ಬಸ್ ಬಂದ್ರೆ, ಸೀಟಿದ್ರೆ ಹತ್ತು, ಇಲ್ದಿದ್ರೆ ಮನೆಗೆ ಬಾ." ಬಸ್ಸೇ ಬರಲಿಲ್ಲ ಎನ್ನಿ. ಇಲ್ದಿದ್ರೆ ಅಂದದ್ದು ಬಸ್ಸಿಗೋ ಸೀಟಿಗೋ? ಎಲ್ಸ್ ಹತ್ತಿರದ ಇಫ್‌ಗೆ ಸೇರಬೇಕೆಂಬುದು ಸಿ ಭಾಷೆಯ ಕಟ್ಟಳೆ. ಅಂದರೆ ಸೀಟಿಗೆ. ಬಸ್ ಬಾರದಿದ್ದಾಗ ಹುಡುಗನಿಗೆ ಯಾವ ಆದೇಶವೂ ಇಲ್ಲ; ನಿಂತಿರಲಿ. ಕತ್ತಲಾಗಿ ಅಮ್ಮ ಫೋನ್ ಮಾಡಿದರೆ ಸ್ಪೆಸಿಫಿಕೇಶನ್ ಓದಿ ಹೇಳಿ. ಆಲ್ಗಾಲ್ 68 ಪ್ರತಿ ಇಫ್ ಮುಗಿದಲ್ಲಿ ಫಿ ಎಂದು ಬರೆಸಿ ಈ ತಕರಾರು ತೀರಿಸಿತ್ತು. ನೀವು ಆ ಎರಡಕ್ಷರ ಉಳಿಸಿ.

ರೆಡ್ಯೂಸ್-ರೆಡ್ಯೂಸ್ ಜಗಳ ಇನ್ನೂ ಸುಲಭ. ಫೈಲಿನಲ್ಲಿ ಮೊದಲು ಬಂದ ನಿಯಮವನ್ನೇ ಯಾಕ್ ಗೆಲ್ಲಿಸುತ್ತದೆ. ನಿಯಮಗಳನ್ನು ಮೇಲೆ ಕೆಳಗೆ ಕಟ್-ಪೇಸ್ಟ್ ಮಾಡುತ್ತಿರಿ. ಬೇಕಾದ ಉತ್ತರ ಬಂದ ಕೂಡಲೇ ಕೈ ತೆಗೆಯಿರಿ. ವೈವಾದಲ್ಲಿ ಎಕ್ಸ್‌ಟರ್ನಲ್ ಕಾರಣ ಕೇಳಿದರೆ ಪಾಣಿನಿಯನ್ನು ಎಳೆದು ತನ್ನಿ. ಎರಡು ಸೂತ್ರ ಡಿಕ್ಕಿ ಹೊಡೆದರೆ ನಂತರದ್ದು ಗೆಲ್ಲಬೇಕು ಎಂದು ಅಷ್ಟಾಧ್ಯಾಯಿಯ 1.4.2ಕ್ಕೆ ಹಳೆಯ ವ್ಯಾಖ್ಯಾನ, ಯಾಕ್‌ಗೆ ತದ್ವಿರುದ್ಧ. ಹಾಗೆ ಓದಿದ್ದೇ ತಪ್ಪು ಎಂದು 2022ರಲ್ಲಿ ಕೇಂಬ್ರಿಜ್‌ನ ರಿಷಿ ರಾಜ್‌ಪೋಪಟ್ ವಾದಿಸಿದರು. ಗೊಂದಲ ಬಿಡಿಸುವ ಸೂತ್ರದಲ್ಲೇ ಗೊಂದಲವಿದ್ದರೆ ನಿಮ್ಮದೇನು ಮಹಾ, ಸಾರ್?

ಕೊನೆಯದಾಗಿ, ಬಳಕೆದಾರರನ್ನು ಬೇಗ ಹಿಡಿಯಿರಿ. ಸಿ ಭಾಷೆಯಲ್ಲಿ ಒಂಟಿ ಆಂಪರ್‌ಸ್ಯಾಂಡಿನ ಆದ್ಯತೆ ಜೋಡಿ ಈಕ್ವಲ್ಸ್‌ಗಿಂತ ಕೆಳಗಿದೆ. ಬದಲಿಸಿದ್ದರೆ ಚೆನ್ನಾಗಿತ್ತು ಎಂದು ಡೆನಿಸ್ ರಿಚಿಯೇ ಆಮೇಲೆ ಬರೆದರು. ಆಗಲೇ ಬರೆದಿಟ್ಟ ಕೋಡ್ ಕೆಟ್ಟೀತೆಂದು ಬಿಟ್ಟಿದ್ದರು. ನೀವೂ ಹಾಸ್ಟೆಲಿನ ನಾಲ್ಕು ಜನರಿಂದ ನಿಮ್ಮ ಭಾಷೆಯಲ್ಲಿ ಇವತ್ತೇ ಪ್ರೋಗ್ರಾಂ ಬರೆಸಿ. ನಾಳೆ ಯಾರಾದರೂ ತಪ್ಪು ತೋರಿಸಿದರೆ, ಅವರ ಕೋಡ್ ಕೆಡುತ್ತದೆ, ಪಾಪ, ಎನ್ನಿ.