ಎಲೆ ಹಾಕಿದ ಸಮಾಚಾರ

ನಮ್ಮ ಮನೆಯಲ್ಲಿ ಮೈಮೇಲೆ ಬಟ್ಟೆಯಿಲ್ಲದ ವಸ್ತು ಸಿಗುವುದು ಕಷ್ಟ. ಟೀವಿಗೆ ಕ್ರೋಶಾ ಹೊದಿಕೆ, ಸೋಫಾದ ಬೆನ್ನಿಗೆ ಕ್ರೋಶಾ ಬಟ್ಟೆ, ಫ್ರಿಜ್ಜಿನ ಹಿಡಿಗೆ ಕ್ರೋಶಾ ಕವಚ, ನೀರಿನ ಚೊಂಬಿನ ಮೇಲೆ ಅಂಚಿಗೆ ಮಣಿ ಕಟ್ಟಿದ ಕ್ರೋಶಾ ಮುಚ್ಚಳ. ರಿಮೋಟಿಗೂ ಒಂದು ಅಂಗಿ ಇದೆ. ಅದರೊಳಗೆ ಬಟನ್ನು ಯಾವುದೂ ಕಾಣುವುದಿಲ್ಲ, ಕಂಡರೂ ಚಾನೆಲ್ ಬದಲಿಸುವ ಅಧಿಕಾರ ನನಗಿಲ್ಲ ಎನ್ನುವುದು ಬೇರೆ ಮಾತು. ಇಷ್ಟೆಲ್ಲ ವೈಭವದ ನಡುವೆ ತೂತು ಬಿದ್ದ ಬನಿಯನ್ನಿನಲ್ಲಿ ಓಡಾಡುವ ಪ್ರಾಣಿ ನಾನೊಬ್ಬನೇ. ನಿಮ್ಮ ಮನೆಯಲ್ಲೂ ಹೀಗೇ ಇರುತ್ತದೆ, ನೀವು ಹೇಳಿಕೊಳ್ಳುವುದಿಲ್ಲ ಅಷ್ಟೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾರುಕಟ್ಟೆಯಲ್ಲಿ ಮಾವಿನ ಸೊಪ್ಪಿಗೆ ಹೇಳುವ ರೇಟು ಕೇಳಿದರೆ ಹಣ್ಣೇ ಅಗ್ಗ ಅನಿಸುತ್ತದೆ. ಅದಕ್ಕೆ ನನ್ನ ಹೆಂಡತಿ ಈ ಸಲ ತೀರ್ಮಾನ ಮಾಡಿದಳು: "ತೋರಣಾನೂ ಉಲ್ಲನ್ನಲ್ಲೇ ಹಾಕಿಬಿಡ್ತೀನಿ. ತೊಳೆದು ಪ್ರತಿ ವರ್ಷ ಕಟ್ಟಬಹುದು." ಕೆಂಪು ಪಟ್ಟಿಯೊಂದನ್ನು ಹೆಣೆದು, ಅದರ ಮೇಲೆ ಒಂದೊಂದೇ ಹಸಿರು ಎಲೆಯನ್ನು ಹೊಲಿದು ಕೂರಿಸುವ ಯೋಜನೆ. ಪಟ್ಟಿ ಮುಗಿಯಿತು. ಅಷ್ಟರಲ್ಲಿ ಸೀರೆಗೆ ಕುಚ್ಚು ಹಾಕಿಕೊಡಿ ಎಂದು ಬೀದಿಯ ಅರ್ಧ ಜನ ನಮ್ಮ ಮನೆಯಲ್ಲಿ ಸೀರೆ ಪೇರಿಸಿಟ್ಟು ಹೋಗಿದ್ದರು. ಎಲೆ ಹಾಕುವವರು ಯಾರು?

"ಎಲೆ ತಾನೇ, ನನಗೆ ಕೊಡು," ಎಂದೆ.

"ನಿಮ್ಮ ಕೈಲಾಗಲ್ಲ ಬಿಡಿ. ಅದಕ್ಕೆ ಎಣಿಸೋಕೆ ಬರಬೇಕು ರೀ."

ಎಣಿಸೋಕೆ! ಈ ಮಾತನ್ನು ಯಾರಿಗೆ ಹೇಳುತ್ತಿದ್ದಾಳೆ ನೋಡಿ. ವೃತ್ತಿಜೀವನವೆಲ್ಲ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕುಳಿತು ನೋಟು ಎಣಿಸಿ ನಿವೃತ್ತನಾದವನು ನಾನು. ಯಂತ್ರ ಬಂದ ಮೇಲೂ ಅದರ ಮೇಲೆ ನಂಬಿಕೆಯಿಡದೆ ಬೆರಳಿನಲ್ಲಿ ಇನ್ನೊಮ್ಮೆ ಎಣಿಸುತ್ತಿದ್ದವನು. ಸಂಜೆ ಲೆಕ್ಕಕ್ಕೆ ಹತ್ತು ರೂಪಾಯಿ ಕಡಿಮೆ ಬಂದರೆ ಇಡೀ ಬ್ರಾಂಚು ನನ್ನ ಮುಖ ನೋಡುತ್ತಿತ್ತು. ಅಂಥವನಿಗೆ ಒಂದು ಎಲೆ!

ಮೊದಲ ಪೆಟ್ಟು ಬಿದ್ದದ್ದು ಉಲ್ಲನ್ ಅಂಗಡಿಯಲ್ಲಿ. ಅಂಗಡಿ ತುಂಬ ಹೆಂಗಸರು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಅಂಗಡಿಯವನು, "ಮೇಡಂ ಚೀಟಿ ಬರೆದುಕೊಟ್ಟಿದಾರಾ ಸಾರ್?" ಎಂದ. ಚೀಟಿ ಇಲ್ಲ, ನನಗೇ ಬೇಕು ಎಂದಾಗ ಅಂಗಡಿಯಲ್ಲಿ ಸದ್ದಡಗಿತು. "ಯಾವ ಕಲರ್?" "ಹಸಿರು." "ಯಾವ ಹಸಿರು?" ಹಸಿರಿನಲ್ಲಿ ಯಾವುದು ಎಂಬ ಪ್ರಶ್ನೆ ನನ್ನ ಜೀವಮಾನದಲ್ಲಿ ಬಂದಿರಲಿಲ್ಲ. ಗಿಳಿ ಹಸಿರು, ಪಾಚಿ ಹಸಿರು, ಮೆಹಂದಿ ಹಸಿರು, ಬಾಟಲ್ ಗ್ರೀನು ಎಂದು ಅವನು ಕೌಂಟರಿನ ಮೇಲೆ ಸುರಿದ. ಪಕ್ಕದ ಹೆಂಗಸೊಬ್ಬರು ಪಾಪ, ಕರುಣೆಯಿಂದ ಹೇಳಿದರು: "ಮೊದಲನೇ ಸಲ ಅಂದ್ರೆ ದಪ್ಪ ಉಲ್ಲನ್ ತಗೊಳ್ಳಿ, ತಿಳಿ ಬಣ್ಣ ತಗೊಳ್ಳಿ. ಗಾಢ ಬಣ್ಣದಲ್ಲಿ ಹೆಣಿಗೆ ಕಣ್ಣಿಗೇ ಕಾಣಲ್ಲ." ಇಷ್ಟು ಒಳ್ಳೆಯ ಮಾತನ್ನು ಅಷ್ಟು ಜನರೆದುರು ಹೇಳಿದರೆ ಗಂಡಸಾದವನಿಂದ ಕೇಳಲಾಗುತ್ತದೆಯೇ? ಕೂದಲೆಳೆ ತೆಳುವಿನ ಬಾಟಲ್ ಗ್ರೀನ್ ಹತ್ತಿ ದಾರವನ್ನೂ ತುದಿಯ ಕೊಕ್ಕೆ ಕಾಣಲು ಭೂತಗನ್ನಡಿ ಬೇಕಾದ ಒಂದು ಸ್ಟೀಲ್ ಕಡ್ಡಿಯನ್ನೂ ಕೊಂಡು, ಎದೆಯುಬ್ಬಿಸಿಕೊಂಡು ಬಂದೆ.

ಮನೆಯಲ್ಲಿ ಅದನ್ನು ನೋಡಿದವಳು ಒಂದೂ ಮಾತಾಡದೆ ತನ್ನ ಕುಚ್ಚಿನ ಡಬ್ಬಕ್ಕೆ ಸೇರಿಸಿಕೊಂಡಳು. ಒಳಗಿನಿಂದ ಗಿಳಿ ಹಸಿರಿನ ದಪ್ಪ ಉಲ್ಲನ್ನನ್ನೂ ಮೂರೂವರೆ ಎಂಎಂ ಕಡ್ಡಿಯನ್ನೂ ತಂದು ನನ್ನ ತೊಡೆಯ ಮೇಲಿಟ್ಟಳು. ನನಗೆ ಗುರುವಾಗಿ ನೇಮಕವಾದದ್ದು ಮೊಮ್ಮಗಳು. ಅವಳು ಐದನೇ ಕ್ಲಾಸು.

ಎಲೆಯ ವಿಧಾನ ಕೇಳಿದರೆ ನೀವೂ ನನ್ನ ಹಾಗೇ ಮೋಸ ಹೋಗುತ್ತೀರಿ. ಹತ್ತು ಚೈನು ಹಾಕಬೇಕು. ಕಡ್ಡಿಯ ಹತ್ತಿರದ ಒಂದನ್ನು ಬಿಟ್ಟು ಎರಡನೆಯದರಿಂದ ಹಿಂದಕ್ಕೆ ಬರಬೇಕು: ಒಂದು ಸಿಂಗಲ್, ಒಂದು ಹಾಫ್ ಡಬಲ್, ಎರಡು ಡಬಲ್, ನಟ್ಟನಡುವೆ ಒಂದು ಟ್ರೆಬಲ್, ಮತ್ತೆ ಎರಡು ಡಬಲ್, ಒಂದು ಹಾಫ್ ಡಬಲ್, ಒಂದು ಸಿಂಗಲ್. ಒಟ್ಟು ಒಂಬತ್ತು. ಗಿಡ್ಡ ಹೆಣಿಗೆಯಿಂದ ಹೊರಟು ಎತ್ತರಕ್ಕೆ ಹತ್ತಿ ಮತ್ತೆ ಗಿಡ್ಡಕ್ಕೆ ಇಳಿಯುವುದರಿಂದ ನಡುವೆ ಹೊಟ್ಟೆ ಬಂದು ತುದಿ ಚೂಪಾಗುತ್ತದೆ. ತುದಿಯಲ್ಲಿ ಎರಡು ಚೈನು ಹಾಕಿ, ಅದೇ ಸರಪಳಿಯ ಇನ್ನೊಂದು ಮಗ್ಗುಲಲ್ಲಿ ಅದೇ ಒಂಬತ್ತನ್ನು ಹಾಕುತ್ತ ವಾಪಸ್ಸು. ಸ್ಲಿಪ್ ಸ್ಟಿಚ್ಚಿನಲ್ಲಿ ಮುಚ್ಚಿ ಐದು ಚೈನು ಎಳೆದರೆ ತೊಟ್ಟು. ಅಷ್ಟೇ.

ಅಷ್ಟೇ ಅನ್ನುವುದು ಗುರುಗಳ ಮಾತು. ಶಿಷ್ಯನ ಕಥೆ ಚೈನಿನಲ್ಲೇ ನಿಂತಿತು. ಎಡಗೈ ತೋರುಬೆರಳಿಗೆ ದಾರ ಸುತ್ತಿಕೊಂಡು, ಕಡ್ಡಿಗೆ ಒಂದು ಸುತ್ತು ಹಾಕಿ, ಕೊಕ್ಕೆಯಲ್ಲಿ ಅದನ್ನು ಹಿಡಿದು, ಕುಣಿಕೆಯೊಳಗಿಂದ ಎಳೆಯಬೇಕು. ನನ್ನ ಕೊಕ್ಕೆ ದಾರದ ನಾಲ್ಕು ಎಳೆಗಳಲ್ಲಿ ಎರಡನ್ನು ಹಿಡಿದು ಎರಡನ್ನು ಬಿಟ್ಟು ಬರುತ್ತಿತ್ತು. ಕುಣಿಕೆ ಜಾರಿ ಹೋದೀತೆಂಬ ಭಯಕ್ಕೆ ನಾನು ದಾರವನ್ನು ಜಗ್ಗಿ ಜಗ್ಗಿ ಹಿಡಿದೆ. ತೋರುಬೆರಳ ತುದಿ ಕೆಂಪಾಗಿ, ಆಮೇಲೆ ನೀಲಿಯಾಯಿತು. ಹತ್ತು ಚೈನು ಆದಾಗ ಅದು ಎಷ್ಟು ಬಿಗಿಯಾಗಿತ್ತೆಂದರೆ ಕಡ್ಡಿಯ ಮೂಗು ಎಲ್ಲೂ ತೂರಲಿಲ್ಲ. "ತಾತಾ, ದಾರ ಕದ್ದು ಓಡಿಹೋಗಲ್ಲ, ಸಡಿಲ ಬಿಡಿ," ಎಂದಳು ಗುರು. ಕ್ಯಾಷಿಯರಿಗೆ ಹೇಳುವ ಮಾತೇ ಇದು?

ಇನ್ನು ಎಣಿಕೆ. ನನ್ನ ಹೆಂಡತಿ ಎಲೆ ಹಾಕುವಾಗ ಕಣ್ಣು ಸೀರಿಯಲ್ಲಿನ ಮೇಲಿರುತ್ತದೆ, ಕಿವಿ ಸ್ಪೀಕರಿನಲ್ಲಿರುವ ತಂಗಿಯ ಫೋನಿಗಿರುತ್ತದೆ, ಬಾಯಿ ನನ್ನನ್ನು ಬಯ್ಯುತ್ತಿರುತ್ತದೆ. ಒಂಬತ್ತು ಅದರ ಪಾಡಿಗೆ ಒಂಬತ್ತಾಗಿ ಬರುತ್ತದೆ. ನಾನು ಕುಳಿತರೆ ಫ್ಯಾನಿನ ಸದ್ದೂ ಅಡ್ಡಿ. ಅವಳು ಮುಗಿದ ಕುಚ್ಚಿನ ಸೀರೆ ಕೊಟ್ಟುಬರಲು ಹೊರಟವಳು, "ಬೇಳೆ ಇಟ್ಟಿದೀನಿ, ಮೂರು ವಿಸಿಲ್ ಆದ್ಮೇಲೆ ಆರಿಸಿ," ಎಂದು ಹೇಳಿಹೋದಳು. ಹಾಫ್ ಡಬಲ್ಲಿಗೆ ಬಂದಿದ್ದೆ, ಕುಕ್ಕರು ಕೂಗಿತು. ಒಂದು. ಇತ್ತ ಎರಡು. ಮೂರನೆಯದು ಹಾಕುವಾಗ ಇನ್ನೊಮ್ಮೆ ಕೂಗಿತು. ಅದು ಎರಡೋ ಇದು ಮೂರೋ ಎಂದು ಯೋಚಿಸುತ್ತಿರುವಾಗ ಬಾಗಿಲ ಗಂಟೆ. ಪಾರ್ಸೆಲ್ಲಿನ ಹುಡುಗ.

"ಓಟಿಪಿ ಹೇಳಿ ಸಾರ್."

"ನಾಲ್ಕು... ಐದು... ಟ್ರೆಬಲ್..."

"ಏನ್ ಸಾರ್?"

ಹುಡುಗನನ್ನು ಸಾಗಹಾಕಿ ಬಂದು ಕುಳಿತರೆ ಎಲ್ಲಿದ್ದೆನೋ ತಿಳಿಯದು. ಅನುಮಾನಕ್ಕಿರಲಿ ಎಂದು ಒಂದೆರಡು ಹೆಚ್ಚೇ ಹಾಕಿದೆ. ಕುಕ್ಕರಿನ ವಿಷಯದಲ್ಲೂ ಅನುಮಾನಕ್ಕಿರಲಿ ಎಂದು ಒಂದೆರಡು ಹೆಚ್ಚೇ ಬಿಟ್ಟೆ. ಕೊನೆಗೆ ದಾರ ಕತ್ತರಿಸಿ ಸಂಭ್ರಮದಿಂದ "ಎಲೆ ಹಾಕಿದೆ!" ಎಂದು ಕೂಗಿದೆ. ಒಳಗಿನಿಂದ ಅಮ್ಮ ಕೈ ತೊಳೆದುಕೊಂಡು ಊಟಕ್ಕೆ ಬಂದು ಕುಳಿತರು. ಬಡಿಸೋಣವೆಂದರೆ ಬೇಳೆ ತಳಹತ್ತಿತ್ತು.

ಎಲೆಯೂ ನೆಟ್ಟಗಿರಲಿಲ್ಲ. ಹೆಣಿಗೆ ಹೆಚ್ಚಾಗಿ ಅಂಚೆಲ್ಲ ಅಲೆಯಲೆಯಾಗಿ ಎದ್ದು ನಿಂತಿತ್ತು. ನಾನೇನು ಸುಮ್ಮನೆ ಒಪ್ಪಿಕೊಳ್ಳುವವನಲ್ಲ. ರಾತ್ರಿ ಮೊಬೈಲ್ ಹಿಡಿದು ಕುಳಿತು ಓದಿದೆ. ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನಾ ಎಂಬವರು 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೇಕೆಂದೇ ಹೀಗೆ ಸಾಲುಸಾಲಿಗೆ ಹೆಣಿಗೆ ಹೆಚ್ಚಿಸುತ್ತ ಹೋದರಂತೆ. ಬಟ್ಟೆ ಸುಕ್ಕುಸುಕ್ಕಾಗಿ ಎದ್ದು ಹೈಪರ್‌ಬೋಲಿಕ್ ಸಮತಲ ಎಂಬ ಜ್ಯಾಮಿತಿಯ ಆಕಾರ ಕೈಯಲ್ಲಿ ಹಿಡಿಯುವ ಹಾಗೆ ಬಂತು. ಕಾಗದದಲ್ಲಿ ಮಾಡಿದರೆ ಹರಿದು ಹೋಗುತ್ತಿದ್ದ ಆಕಾರ ಅದು. ಬೆಳಿಗ್ಗೆ ಕಾಫಿಯ ಹೊತ್ತಿಗೆ ಇದನ್ನೆಲ್ಲ ಹೆಂಡತಿಗೆ ವಿವರಿಸಿ, "ನಾನು ಹಾಕಿದ್ದು ಅದೇ," ಎಂದೆ.

"ಹಾಗಾದ್ರೆ ಅವರ ಮನೆ ಬಾಗಿಲಿಗೇ ಕಟ್ಟಿ ಬನ್ನಿ. ನನಗೆ ಬೇಕಾಗಿರೋದು ಮಾವಿನೆಲೆ."

ಆ ರಾತ್ರಿಯ ಓದಿನಲ್ಲಿ ಇನ್ನೂ ಕೆಲವು ಸಂಗತಿ ಸಿಕ್ಕಿದ್ದವು, ಅವಳಿಗೆ ಹೇಳುವ ಧೈರ್ಯವಾಗದೆ ನಿಮಗೆ ಹೇಳುತ್ತಿದ್ದೇನೆ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಘೋರ ಕ್ಷಾಮ ಬಂದಾಗ ಕ್ರೈಸ್ತ ಸನ್ಯಾಸಿನಿಯರು ಬಡವರಿಗೆ ಕ್ರೋಶಾ ಕಲಿಸಿದರು. ಎಲೆ, ಗುಲಾಬಿ ಎಂದು ಬಿಡಿಬಿಡಿಯಾಗಿ ಹೆಣೆದು, ಆಮೇಲೆ ಎಲ್ಲವನ್ನೂ ಕೂಡಿಸಿ ಲೇಸು ಮಾಡುವ ಪದ್ಧತಿ. ಎಷ್ಟೋ ಸಂಸಾರ ಅದರಿಂದ ಬದುಕಿಕೊಂಡಿತು. ಅಂಥ ಸಂಸಾರದಲ್ಲಿ ಎಲೆಯ ಜವಾಬ್ದಾರಿ ನನಗೆ ಬಿದ್ದಿದ್ದರೆ ಆ ಮನೆಗೆ ಎರಡೆರಡು ಕ್ಷಾಮ. ಅಷ್ಟು ದೂರ ಯಾಕೆ, ಪಕ್ಕದ ಆಂಧ್ರದ ನರಸಾಪುರದಲ್ಲಿ ಹೆಂಗಸರು ಮನೆಯಲ್ಲೇ ಕುಳಿತು ಹಾಕುವ ಕ್ರೋಶಾ ಲೇಸು ದೇಶವಿದೇಶಕ್ಕೆ ಹೋಗುತ್ತದೆ. 2024ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಬಂತು. ನನಗೆ ಸಮಾಧಾನ ಕೊಟ್ಟದ್ದು ಮಾತ್ರ ಇನ್ನೊಂದು ವಿಷಯ: ಕಾಲುಚೀಲ ಹೆಣೆಯುವ ಯಂತ್ರ ಇಂಗ್ಲೆಂಡಿನಲ್ಲಿ 1589ರಲ್ಲೇ ಬಂದಿದ್ದರೂ, ಅಸಲಿ ಕ್ರೋಶಾವನ್ನು ಇವತ್ತಿಗೂ ಕೈಯಲ್ಲೇ ಹಾಕಬೇಕು. ಯಂತ್ರಕ್ಕೇ ಆಗದ್ದು ನನಗೆ ಆಗಲಿಲ್ಲ. ಇದರಲ್ಲಿ ಅವಮಾನ ಏನಿದೆ ಹೇಳಿ.

ಹೆಚ್ಚು ಹಾಕಿ ಸುಕ್ಕಾಯಿತಲ್ಲ, ಇನ್ನು ಕಡಿಮೆ ಹಾಕೋಣ ಎಂದು ಎರಡನೆಯ ಮಗ್ಗುಲಿನಲ್ಲಿ ಜಿಪುಣತನ ಮಾಡಿದೆ. ಎಲೆ ಆ ಕಡೆಗೆ ಮುದುರಿಕೊಂಡು ಕೊಳವೆಯಾಯಿತು. ಮುದುರಿದ್ದನ್ನು ಒದ್ದೆ ಮಾಡಿ, ಗುಂಡುಪಿನ್ನು ಚುಚ್ಚಿ ಚಪ್ಪಟೆಯಾಗಿ ಒಣಗಿಸಬೇಕಂತೆ. ಒಣಗುವವರೆಗೆ ಕಾಯುವ ಸಹನೆ ಯಾರಿಗಿದೆ? ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಒತ್ತಿದೆ. ನಾವು ಉಲ್ಲನ್ ಎಂದು ಕರೆಯುವ ಅಗ್ಗದ ದಾರದಲ್ಲಿ ಕುರಿಯ ಪಾತ್ರವೇನೂ ಇರುವುದಿಲ್ಲ, ಅದು ಅಕ್ರಿಲಿಕ್ಕು, ಒಂದು ಥರದ ಪ್ಲಾಸ್ಟಿಕ್ಕು. ಸುಟ್ಟ ವಾಸನೆ ಬಂತು. ಎಲೆ ಪೆಟ್ಟಿಗೆಯ ಜೊತೆಯಲ್ಲೇ ಮೇಲೆದ್ದು ಬಂತು. ಅದನ್ನು ಕೆರೆಯುತ್ತ ಕುಳಿತಿದ್ದಾಗ ಯಾರದೋ ಕುಚ್ಚಿನ ರೇಷ್ಮೆ ಸೀರೆ ಟೇಬಲ್ಲಿನ ಇನ್ನೊಂದು ತುದಿಯಲ್ಲಿತ್ತು ಎಂದಷ್ಟೇ ಹೇಳಬಲ್ಲೆ. ಸೀರೆಗೆ ಏನೂ ಆಗಲಿಲ್ಲ. ನನಗೆ ಆಯಿತು. ಅಂದಿನಿಂದ ಇಸ್ತ್ರಿ ಪೆಟ್ಟಿಗೆ ಬೀರುವಿನೊಳಗೆ, ಬೀಗದ ಕೈ ಅವಳ ಸೊಂಟದಲ್ಲಿ.

ಆದರೂ ಬಿಡಲಿಲ್ಲ. ಹಬ್ಬದ ಹಿಂದಿನ ಸಂಜೆ ನನ್ನ ಎಲೆಗಳನ್ನೆಲ್ಲ ತಟ್ಟೆಯಲ್ಲಿಟ್ಟು ಹಾಲಿನಲ್ಲಿ ಪ್ರದರ್ಶನಕ್ಕಿಟ್ಟೆ. ಒಂದೂ ಬಿಚ್ಚಿಕೊಂಡಿರಲಿಲ್ಲ, ಒಂದೂ ಚಪ್ಪಟೆಯಾಗಿಯೂ ಇರಲಿಲ್ಲ. ಅಮ್ಮ ಕನ್ನಡಕ ಏರಿಸಿ ನೋಡಿ ಮನಸಾರೆ ಹೊಗಳಿದರು: "ಮೆಣಸಿನಕಾಯಿ ಚೆನ್ನಾಗಿ ಬಂದಿದೆ ಕಣೋ. ತೊಟ್ಟು ಸಹ ಹಾಗೇ ಇದೆ."

ಹೆಂಡತಿ ಏನೂ ಹೇಳಲಿಲ್ಲ. ಸೀರಿಯಲ್ ಮುಗಿಯುವುದರೊಳಗೆ, ತಂಗಿಯ ಜೊತೆ ನಾಳೆಯ ಒಬ್ಬಟ್ಟಿನ ಹೂರಣದ ಚರ್ಚೆ ನಡೆಸುತ್ತಲೇ ಬೇಕಾದಷ್ಟು ಎಲೆ ಉದುರಿಸಿ, ಪಟ್ಟಿಗೆ ಹೊಲಿದು, ಬಾಗಿಲಿಗೆ ಕಟ್ಟಿದಳು. ಆಮೇಲೆ ನನ್ನ ತಟ್ಟೆಯಿಂದ ಏಳನ್ನು ಆರಿಸಿ, ನಡುವೆ ಒಂದು ನಿಂಬೆಹಣ್ಣು ಪೋಣಿಸಿ, ದೃಷ್ಟಿಗೆಂದು ನನ್ನ ಸ್ಕೂಟರಿನ ಮುಂದೆ ನೇತುಹಾಕಿದಳು.

ಹಬ್ಬದ ದಿನ ಅರಿಸಿನ ಕುಂಕುಮಕ್ಕೆ ಬಂದವರು ತೋರಣವನ್ನು ನೋಡಿ ಚೆನ್ನಾಗಿದೆ ಎಂದು ಒಳಗೆ ಹೋದರು. ಆದರೆ ಎದುರುಮನೆಯವರು ಸ್ಕೂಟರಿನ ಮುಂದೆ ನಿಂತರು ನೋಡಿ! "ಎಷ್ಟು ನಿಜವಾಗಿ ಮಾಡಿದೀರಾ! ಬಾಡೋದೂ ಇಲ್ಲ, ವಾರ ವಾರ ಬದಲಾಯಿಸೋ ತಾಪತ್ರಯಾನೂ ಇಲ್ಲ. ನಮ್ಮ ಕಾರಿಗೂ ಏಳು ಮಾಡಿಕೊಡ್ತೀರಾ ಅಂಕಲ್?" ನನ್ನ ಹೆಂಡತಿಯ ಮುಂದೆಯೇ ಕೇಳಿದರು. ನಾನು ಬನಿಯನ್ನಿನ ತೂತನ್ನು ಕೈಯಿಂದ ಮುಚ್ಚಿಕೊಂಡು, ಟೈಮ್ ಸಿಕ್ಕರೆ ನೋಡೋಣ ಎಂದೆ.

ಅವತ್ತೇ ರಾತ್ರಿ ಕುಳಿತೆ. ಈಗ ನಾನು ಮೆಣಸಿನಕಾಯಿಯ ಕುಶಲಕರ್ಮಿ, ಹೆದರಿಕೆ ಏನು? ಕೈ ಸಡಿಲವಾಗಿತ್ತು. ಟೀವಿ ನೋಡುತ್ತ, ಮೊಮ್ಮಗಳ ಮಗ್ಗಿ ಒಪ್ಪಿಸಿಕೊಳ್ಳುತ್ತ ಎಣಿಸದೆಯೇ ಹಾಕಿದೆ. ಮುಗಿಸಿ ಅಂಗೈಯಲ್ಲಿಟ್ಟು ನೋಡಿದರೆ ಹೊಟ್ಟೆ, ತುದಿ, ತೊಟ್ಟು ಎಲ್ಲ ಸರಿಯಾಗಿ, ಒಂಚೂರೂ ಮುದುರದೆ ಚಪ್ಪಟೆಯಾಗಿ ಮಲಗಿದೆ. ಅಪ್ಪಟ ಮಾವಿನೆಲೆ. ಮತ್ತೆ ಹಾಕಿದೆ. ಮತ್ತೆ ಎಲೆ. ತಟ್ಟೆ ತುಂಬಿತು, ಮೆಣಸಿನಕಾಯಿ ಒಂದೂ ಆಗಲೊಲ್ಲದು.

ಹೆಂಡತಿ ಬಂದು ಒಂದನ್ನೆತ್ತಿ ತಿರುಗಿಸಿ ನೋಡಿದಳು. "ಇದನ್ನ ಕಾರಿಗೆ ಹೇಗೆ ಕಟ್ಟೋದು ರೀ? ಎದುರುಮನೆಯವರು ಮೆಣಸಿನಕಾಯಿ ಕೇಳಿದ್ದು," ಎಂದಳು.